ಹೊತ್ತು ನಡೆದವರ ನದಿ

ಬ್ರಹ್ಮಗಿರಿಯ ಕಪ್ಪು ಬಂಡೆಗಳ ಸಂದಿನಿಂದ ಹನಿಹನಿಯಾಗಿ ಜಿನುಗಿ, ತ್ರ್ಯಂಬಕೇಶ್ವರದ ಕುಶಾವರ್ತದಲ್ಲಿ ಅರೆಗಳಿಗೆ ತಂಗಿ, ಅಲ್ಲಿಂದ ಮೂಡಣಕ್ಕೆ ಮುಖ ತಿರುಗಿಸುವ ಗೋದಾವರಿ, ನಾಸಿಕದ ಘಾಟುಗಳನ್ನು ಮುಟ್ಟುವ ಮೊದಲು ಜಲಾಲಪುರವೆಂಬ ಹಳ್ಳಿಯ ಅಂಚನ್ನು ಸವರಿಕೊಂಡು ಹೋಗುತ್ತಾಳೆ. ಅಲ್ಲಿ ಅವಳಿನ್ನೂ ಎಳೆಯ ನದಿ; ಮುಂದೆ ರಾಜಮಹೇಂದ್ರಿಯಲ್ಲಿ ಸಮುದ್ರದ ಹಾಗೆ ಹರಡಿಕೊಳ್ಳುವವಳು ಇವಳೇ ಎಂದರೆ ನಂಬುವುದು ಕಷ್ಟ. ಮಳೆಗಾಲ ಹಿಂದೆ ಸರಿದ ಹೊಸತರಲ್ಲಿ ನೀರಿನ ಕೆಂಪು ನಿಧಾನವಾಗಿ ತಳಕ್ಕೆ ಇಳಿಯುತ್ತದೆ, ಮುಳುಗಿದ್ದ ಕಲ್ಲುಗಳು ಒಂದೊಂದಾಗಿ ಬೆನ್ನು ತೋರಿಸುತ್ತವೆ, ದಂಡೆಯ ಹುಲ್ಲು ಯಾರೋ ಈಗತಾನೆ ಎದ್ದುಹೋದ ಜಾಗದಂತೆ ಒಂದೇ ಕಡೆಗೆ ಮಲಗಿರುತ್ತದೆ. ಕವಿರಾಜಮಾರ್ಗದ ಕಾಲಕ್ಕೆ ಕಾವೇರಿಯಿಂದ ಹೊರಟ ಕನ್ನಡನಾಡು ಬಂದು ನಿಲ್ಲುತ್ತಿದ್ದುದು ಈ ನದಿಯ ಬಳಿಯಲ್ಲೇ ಎಂಬುದು ನೆನಪಾದಾಗ, ಪರನಾಡಿನ ನೀರನ್ನು ನೋಡುತ್ತಿದ್ದೇನೆಂಬ ಭಾವ ತಾನಾಗಿ ಸಡಿಲವಾಗುತ್ತದೆ.

ಈ ಜಲಾಲಪುರದ ಗೋಖಲೆಯವರ ಮನೆಯಲ್ಲಿ 1868ರ ಜೂನ್ 1ರಂದು ಒಂದು ಹೆಣ್ಣುಮಗು ಹುಟ್ಟಿತು. ಮನಕರ್ಣಿಕಾ ಎಂದು ಹೆಸರಿಟ್ಟರು, ಮನು ಎಂದು ಕರೆದರು. ಆ ಮನೆಯಲ್ಲಿ ನೀರಿಗೆ ಬಿಡುವಿರಲಿಲ್ಲ. 1857ರ ದಂಗೆಯ ಗದ್ದಲದಲ್ಲಿ ಮನುವಿನ ತಾಯಿಯ ತಂದೆಯನ್ನು ಇಂಗ್ಲಿಷರು ಗಲ್ಲಿಗೇರಿಸಿದ್ದರು. ಆ ದಿನಗಳಿಂದಾಚೆಗೆ ಮನುವಿನ ತಂದೆಯ ಮನಸ್ಸಿನೊಳಗೆ ಏನೋ ಒಂದು ಮುರಿದು, ಮುರಿದದ್ದು ಮಡಿಯ ರೂಪದಲ್ಲಿ ಹೊರಗೆ ಬಂತು. ಪೇಟೆಯಿಂದ ಬಂದ ದಿನಸಿಯೆಲ್ಲ, ಉಪ್ಪು ಕೂಡ, ತೊಳೆಸಿಕೊಂಡೇ ಅಡುಗೆಮನೆಯ ಹೊಸ್ತಿಲು ದಾಟಬೇಕಿತ್ತು. ನೀರು ಅಲ್ಲಿ ದಾಹಕ್ಕಿಂತ ಹೆಚ್ಚಾಗಿ ಭಯಕ್ಕೆ ಬೇಕಾಗಿತ್ತು. ಯಾರು ಮುಟ್ಟಿದರು, ಯಾರ ನೆರಳು ಬಿತ್ತು, ಯಾವ ಗಾಳಿ ಸೋಂಕಿತು ಎಂದು ಸದಾ ಬೆಚ್ಚುವ ಒಂದು ಮನೆ. ಅದರ ಮಗ್ಗುಲಲ್ಲೇ ಯಾರನ್ನೂ ಏನನ್ನೂ ಕೇಳದೆ ಹರಿಯುವ ನದಿ. ಈ ಎರಡರ ನಡುವೆ ಒದ್ದೆ ಸೀರೆಯುಟ್ಟು ಓಡಾಡುತ್ತಿದ್ದ ಆ ಪುಟ್ಟ ಹುಡುಗಿಯನ್ನು ನೆನೆದಾಗ, ಮುಂದೆ ಅವಳ ಬದುಕಿನಲ್ಲಿ ನೀರಿಗೆ ಒದಗಲಿರುವ ಅರ್ಥ ಅಲ್ಲೇ ಎಲ್ಲೋ ಕಲ್ಲಿನ ಕೆಳಗೆ ಕಾದುಕೊಂಡಿತ್ತೇನೋ ಅನಿಸುತ್ತದೆ.

ಹನ್ನೊಂದರ ಪ್ರಾಯದಲ್ಲಿ ಅವಳ ಮದುವೆಯಾಯಿತು. ವರ ನಾರಾಯಣ ವಾಮನ ಟಿಳಕ್. ಕೊಂಕಣದ ಕರಜಗಾಂವ್‌ನಲ್ಲಿ 1861ರಲ್ಲಿ ಹುಟ್ಟಿದ್ದ ಆತ, ತಾಯಿ ತೀರಿಕೊಂಡ ಮೇಲೆ ಮನೆ ತೊರೆದು ನಾಸಿಕಕ್ಕೆ ಬಂದು ಸಂಸ್ಕೃತ ಕಲಿತವನು, ಬಾಯಿ ತೆರೆದರೆ ಪದ್ಯ ಕಟ್ಟುವವನು. ಒಂದು ಊರಿನಲ್ಲಿ, ಒಂದು ನೌಕರಿಯಲ್ಲಿ, ಒಂದು ನಂಬಿಕೆಯಲ್ಲಿ ಕಾಲೂರಿ ನಿಲ್ಲುವುದು ಅವನ ಸ್ವಭಾವದಲ್ಲೇ ಇರಲಿಲ್ಲ. ಹಿಡಿದ ಹಣ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ದಾರಿಯಲ್ಲಿ ಯಾರ ಕಣ್ಣಲ್ಲಿ ನೀರು ಕಂಡರೂ ಮನೆಗೆಂದು ಇಟ್ಟದ್ದು ಅಲ್ಲೇ ಖಾಲಿ. ಮನು ಈಗ ಲಕ್ಷ್ಮಿ, ಆಮೇಲೆ ಲಕ್ಷ್ಮೀಬಾಯಿ. ಜಗಳ, ಹಸಿವು, ಊರಿಂದೂರಿಗೆ ಅಲೆತ, ಹುಟ್ಟಿ ಉಳಿಯದ ಮಕ್ಕಳು. ಇವೆಲ್ಲದರ ನಡುವೆ ಆ ದಂಪತಿಗಳಲ್ಲಿ ಬೆಳೆಯುತ್ತಿದ್ದ ಒಲವು, ಇಬ್ಬರಿಗೂ ಹೆಸರಿಡಲು ಬಾರದಂಥದ್ದು. ಗಂಡ ಅವಳಿಗೆ ಓದು ಬರಹ ಕಲಿಸಿದ. ಶಾಲೆಯ ಮೆಟ್ಟಿಲು ಹತ್ತದ ಅವಳು ಕಲಿತ ಅಕ್ಷರಗಳು ಒಂದು ದಿನ ಏನನ್ನು ಹೊರಬೇಕಾಗುತ್ತದೆಂದು ಆ ಹೊತ್ತಿಗೆ ಇಬ್ಬರಿಗೂ ಗೊತ್ತಿರಲಿಲ್ಲ.

1893ರಲ್ಲಿ ನಾಗಪುರದಿಂದ ರಾಜನಾಂದಗಾಂವ್ ಕಡೆಗೆ ಹೊರಟ ರೈಲಿನಲ್ಲಿ ಒಬ್ಬ ಯೂರೋಪಿಯನ್ ಪ್ರಯಾಣಿಕ ಟಿಳಕರ ಜತೆ ಕವಿತೆಯ ಮಾತಾಡುತ್ತ ಕುಳಿತ. ಇಳಿಯುವಾಗ ಹೊಸ ಒಡಂಬಡಿಕೆಯ ಒಂದು ಪ್ರತಿಯನ್ನು ಕೈಗಿಟ್ಟು, ಇನ್ನೆರಡು ವರ್ಷದೊಳಗೆ ನೀವು ಕ್ರೈಸ್ತರಾಗುತ್ತೀರಿ ಎಂದು ಹೇಳಿಹೋದ. ಆ ಮಾತಿಗೆ ಟಿಳಕರು ಸೊಪ್ಪು ಹಾಕಲಿಲ್ಲ, ಆದರೆ ಪುಸ್ತಕ ತೆರೆದರು. ಬೆಟ್ಟದ ಮೇಲಿನ ಪ್ರಸಂಗದವರೆಗೆ ಬಂದವರು ಅಲ್ಲಿಂದ ಏಳಲಾರದೆ ಹೋದರು. ಜಗತ್ತಿನ ಎಷ್ಟೋ ದೊಡ್ಡ ತಿರುವುಗಳು ಹೀಗೆ ಹೆಸರು ಕೇಳದ ಸಹಪ್ರಯಾಣಿಕರ ಕೈಯಿಂದ ಬರುತ್ತವೆ ಎಂಬುದು ನನ್ನನ್ನು ಯಾವಾಗಲೂ ಮೌನಗೊಳಿಸುತ್ತದೆ. 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ಟಿಳಕರು ದೀಕ್ಷಾಸ್ನಾನ ಪಡೆದರು. ಹೆಂಡತಿಗೆ ಹೇಳಿರಲಿಲ್ಲ.

ಸುದ್ದಿ ಬಂದ ದಿನ ಲಕ್ಷ್ಮೀಬಾಯಿಯ ಲೋಕ ನಡುವೆ ಸೀಳಿತು. ಗಂಡ ಬದುಕಿದ್ದಾನೆ, ಆದರೆ ಮುಟ್ಟುವಂತಿಲ್ಲ, ತಾಳಿಯಿದೆ, ಸಂಸಾರವಿಲ್ಲ, ಸತ್ತಿದ್ದರೆ ಅಳುವುದಕ್ಕಾದರೂ ಒಂದು ವಿಧಿಯಿತ್ತು, ಇದಕ್ಕೆ ಯಾವ ಶಾಸ್ತ್ರದಲ್ಲೂ ವಿಧಿಯಿಲ್ಲ. ಎಳೆಯ ಮಗ ದತ್ತುವನ್ನು ಕಟ್ಟಿಕೊಂಡು ಬಂಧುಗಳ ಆಸರೆಯಲ್ಲಿ ನಾಸಿಕ, ಜಲಾಲಪುರ, ಪಂಢರಪುರ ಎಂದು ಅವರು ಕಳೆದ ನಾಲ್ಕು ವರ್ಷಕ್ಕೂ ಮೀರಿದ ಆ ಕಾಲವನ್ನು ಅವರ ಆತ್ಮಕಥೆ 'ಸ್ಮೃತಿಚಿತ್ರೆ'ಯಲ್ಲಿ ಓದುವಾಗ ನನಗೆ ಅಚ್ಚರಿಯೆನಿಸುವುದು ದುಃಖದ ಆಳವಲ್ಲ, ಆ ದುಃಖ ಎಲ್ಲೂ ದ್ವೇಷವಾಗಿ ಹೆಪ್ಪುಗಟ್ಟದೆ ಹೋದ ಬಗೆ. ಅತ್ತಲಿಂದ ಟಿಳಕರು ಕಾಗದ ಬರೆಯುತ್ತಿದ್ದರು, ಪದ್ಯದಲ್ಲಿ ಬರೆಯುತ್ತಿದ್ದರು. ಬಾ ಎಂದು ಕರೆಯುತ್ತಿದ್ದರು, ನನ್ನ ದೇವರ ಬಳಿಗೆ ಬಾ ಎಂದು ಬಲವಂತ ಮಾಡುತ್ತಿರಲಿಲ್ಲ. ಇತ್ತ ಆಕೆ ಚಂದ್ರಭಾಗೆಯ ಮರಳಲ್ಲಿ, ಇಟ್ಟಿಗೆಯ ಮೇಲೆ ನಿಂತು ಯುಗಯುಗ ಕಾಯುವ ವಿಠಲನ ಊರಿನಲ್ಲಿ, ಕಾಯುತ್ತಿದ್ದರು. ಏನನ್ನು ಕಾಯುತ್ತಿದ್ದೇನೆಂದು ಕೇಳಿದ್ದರೆ ಹೇಳಲು ಬಾಯಲ್ಲಿ ಮಾತಿರಲಿಲ್ಲ. ಕಾಯುವುದಕ್ಕೆ ಕಾರಣ ಗೊತ್ತಿಲ್ಲದೆ ಕಾಯುವವರ ಎದೆಯಲ್ಲಿ ಒಂದು ಬೆಳಕು ಇರುತ್ತದೆ. ಅದು ಕಣ್ಣಿಗೆ ಕಾಣುವ ಬೆಳಕಲ್ಲ, ಆದರೆ ಅದರಿಂದಲೇ ಕೈಗಳು ಬೆಳಗ್ಗೆ ಎದ್ದು ಒಲೆ ಹಚ್ಚುತ್ತವೆ, ಮಗುವಿನ ತಲೆ ಬಾಚುತ್ತವೆ, ಒಣಗಿದ ಸೀರೆಯನ್ನು ಮಡಿಸಿಡುತ್ತವೆ.

ಟಿಳಕರು ಕ್ರಿಸ್ತನ ಬಳಿಗೆ ತಾವು ದಾಟಿ ಬಂದ ಸೇತುವೆ ಸಂತಕವಿ ತುಕಾರಾಮ ಎಂದು ಹೇಳಿಕೊಳ್ಳುತ್ತಿದ್ದರಂತೆ. ಕಾಗದಗಳು ಆ ಸೇತುವೆಯ ಮೇಲೆಯೇ ಹಿಂದೆ ಮುಂದೆ ಓಡಾಡಿರಬೇಕು. ಅಭಂಗದ ಲಯ ಇಬ್ಬರ ಕಿವಿಯಲ್ಲೂ ಒಂದೇ ಆಗಿತ್ತು. ಧರ್ಮ ಕಡಿದುಹಾಕಿದ್ದನ್ನು ಛಂದಸ್ಸು ಹಿಡಿದುಕೊಂಡಿತ್ತು.

ಕೊನೆಗೆ ಆಕೆ ಹೋದರು. ಬಂಧುಗಳ ಮಾತನ್ನೂ ಊರಿನ ಕಣ್ಣನ್ನೂ ದಾಟಿ, ಆದರೆ ತನ್ನ ದೇವರನ್ನೂ ತನ್ನ ಮಡಿಯನ್ನೂ ಬಿಡದೆ, ಅಹಮದ್‌ನಗರಕ್ಕೆ ಗಂಡನಿದ್ದಲ್ಲಿಗೆ ಹೋದರು. ಬೇರೆ ಬಿಡಾರ, ಬೇರೆ ಒಲೆ, ಬೇರೆ ಕೊಡದ ನೀರು. ಒಬ್ಬರನ್ನೊಬ್ಬರು ಅಷ್ಟು ಹಂಬಲಿಸಿದ ಇಬ್ಬರು ನಡುವೆ ಒಂದು ಗೋಡೆಯನ್ನು ಇಟ್ಟುಕೊಂಡೇ ಹತ್ತಿರವಾಗಲು ಒಪ್ಪಿಕೊಂಡ ಆ ದಿನಗಳ ಮುಂದೆ ನಾನು ತುಂಬ ಹೊತ್ತು ನಿಲ್ಲುತ್ತೇನೆ. ಟಿಳಕರಿಗೆ ಆ ಗೋಡೆ ಒಡೆಯುವ ಅವಸರವಿರಲಿಲ್ಲವೆಂದಲ್ಲ, ಅವರು ಅವಸರದ ಮನುಷ್ಯರೇ. ಆದರೂ ಅದನ್ನು ಒಡೆಯುವ ಕೈ ತನ್ನದಾಗಬಾರದೆಂದು ಅವರಿಗೆ ತಿಳಿದಿತ್ತು. ಪ್ರೀತಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರುತ್ತದೆ? ಶಿಷ್ಯರ ಕಾಲು ತೊಳೆಯಲು ಬೋಗುಣಿಯ ಮುಂದೆ ಮಂಡಿಯೂರಿದವನನ್ನು ಗುರುವೆಂದು ಒಪ್ಪಿಕೊಂಡವನಿಗೆ ಬರುತ್ತದೇನೋ.

ಮತ್ತೆ ಒಂದು ದಿನ, ಯಾರೂ ಉಪದೇಶ ಮಾಡದಿದ್ದ ದಿನ, ಲಕ್ಷ್ಮೀಬಾಯಿ ತಮ್ಮಷ್ಟಕ್ಕೆ ಕುಳಿತು ಯೋಚಿಸುತ್ತಿದ್ದಾಗ, ಈ ಜಾತಿಯೆಂಬುದನ್ನು ದೇವರು ಮಾಡಿದ್ದೇ, ಮನುಷ್ಯ ಮಾಡಿದ್ದೇ ಎಂಬ ಪ್ರಶ್ನೆ ಎದ್ದಿತು. ಮನುಷ್ಯ ಮಾಡಿದ್ದು ಎಂಬ ಉತ್ತರವೂ ಒಳಗಿಂದಲೇ ಬಂತು. ಅಷ್ಟೇ. ಇನ್ನು ಮೇಲೆ ಯಾರ ಕೈಯ ಅನ್ನವನ್ನೂ ಉಣ್ಣುತ್ತೇನೆ, ಯಾರ ಕೈಯ ನೀರನ್ನೂ ಕುಡಿಯುತ್ತೇನೆ ಎಂದು ನಿಶ್ಚಯಿಸಿದರು. ಗುಡುಗು ಮಿಂಚು ಏನೂ ಇರಲಿಲ್ಲ. ಒಳಗೆ ತಲೆತಲಾಂತರದಿಂದ ಬಿಗಿದುಕೊಂಡಿದ್ದ ಒಂದು ಮುಷ್ಟಿ ಬಿಚ್ಚಿತು. ಕ್ರಿಸ್ತನನ್ನು ಸ್ವೀಕರಿಸುವುದಕ್ಕೂ ಮೊದಲು ಅವರು ಸ್ವೀಕರಿಸಿದ್ದು ಇನ್ನೊಬ್ಬ ಮನುಷ್ಯನ ಕೈಯ ನೀರನ್ನು ಎಂಬುದು ನನಗೆ ಇಡೀ ಕಥೆಯ ಗರ್ಭಗುಡಿಯಂತೆ ತೋರುತ್ತದೆ. ಬಾಲ್ಯದಲ್ಲಿ ಮನುಷ್ಯರನ್ನು ದೂರವಿಡಲು ಸುರಿದ ನೀರು, ಈಗ ಬೊಗಸೆಯಿಂದ ಬೊಗಸೆಗೆ ಸುರಿಯಿತು. 1900ರಲ್ಲಿ, ಪಶ್ಚಿಮ ಭಾರತವನ್ನೆಲ್ಲ ಬರ ಬೇಯಿಸುತ್ತಿದ್ದ ವರ್ಷದಲ್ಲಿ, ಹನಿ ನೀರಿಗೆ ಜನ ಕಂಗೆಟ್ಟಿದ್ದ ನೆಲದ ನಡುವೆ, ರಾಹುರಿಯಲ್ಲಿ ಲಕ್ಷ್ಮೀಬಾಯಿಯ ದೀಕ್ಷಾಸ್ನಾನವಾಯಿತು. ಅಂದು ಅವರ ನೆತ್ತಿಯ ಮೇಲೆ ಬಿದ್ದ ನೀರು ಎಷ್ಟು ದೂರದಿಂದ ನಡೆದು ಬಂದಿತ್ತು!

ನಾಸಿಕದಲ್ಲಿ ಹೀಗೆ ದೂರದಿಂದ ನಡೆದು ಬಂದವರ ಇನ್ನೊಂದು ಕಥೆಯಿದೆ. ಪಂಚವಟಿಯ ರಾಮಕುಂಡದಿಂದ, ಹಣತೆ ತೇಲಿಸುವ ಹೆಂಗಸರಿಂದ, ಹಳೆಯ ವಾಡೆಗಳ ಮರದ ಕಂಬಗಳಿಂದ, ಹಿತ್ತಾಳೆಯ ಅಂಗಡಿಗಳಿಂದ ಈಚೆಗೆ ಬಂದರೆ ಶರಣಪುರ ರಸ್ತೆಯಿದೆ. ಈಗ ಅಂಗಡಿ, ಬ್ಯಾಂಕು, ವಾಹನಗಳ ಗದ್ದಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಚರ್ಚ್ ಮಿಷನರಿ ಸೊಸೈಟಿಯವರು, ಮನೆಮಠ ಕಳೆದುಕೊಂಡ ಹೊಸ ಕ್ರೈಸ್ತರಿಗಾಗಿ ಊರ ಹೊರಗೆ ಕಟ್ಟಿದ ಕೇರಿಯ ಹೆಸರು ಶರಣಪುರ. ಪಾದ್ರಿ ವಿಲಿಯಂ ಪ್ರೈಸ್ ಅದನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಆಫ್ರಿಕದ ಮಕ್ಕಳು ಬಂದರು. ಅರಬ್ಬಿ ಸಮುದ್ರದಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳನ್ನು ಇಂಗ್ಲಿಷ್ ನೌಕಾಪಡೆ ತಡೆದಾಗ, ಅವುಗಳ ಒಡಲೊಳಗೆ ಸಿಕ್ಕ ಮಕ್ಕಳನ್ನು ಮುಂಬಯಿಗೆ ತಂದು ಅಲ್ಲಿಂದ ಹಲವರನ್ನು ಈ ಶರಣಪುರಕ್ಕೆ ಕಳಿಸುತ್ತಿದ್ದರು. ಊರಿನ ಹೆಸರು ಮರೆತ, ತಾಯಿಯ ಮುಖ ಮಸುಕಾದ, ತಮ್ಮ ಭಾಷೆಯಲ್ಲಿ ಮಾತಾಡಲು ಇನ್ನೊಬ್ಬರಿಲ್ಲದ ಮಕ್ಕಳು. ಗೋದಾವರಿಯ ಸೀಮೆಯಲ್ಲಿ ಅವರು ಬಡಗಿಕೆಲಸ, ಕಮ್ಮಾರಿಕೆ ಕಲಿತರು, ಅಕ್ಷರ ಕಲಿತರು, ಪ್ರಾರ್ಥನೆ ಕಲಿತರು. ಎಳ್ಳು ಜೋಳದ ಹೊಲಗಳ ಮೇಲೆ ಬೀಸಿ ಬರುವ ಸಂಜೆಗಾಳಿಯಲ್ಲಿ, ದೇಶ ಕಳೆದುಕೊಂಡ ಆ ಕಂಠಗಳು ಸೇರಿ ಕೀರ್ತನೆ ಹಾಡುತ್ತಿದ್ದಾಗ ಏನನ್ನು ನೆನೆದಿರಬಹುದು?

ಅವರಲ್ಲೊಬ್ಬನ ಹೆಸರು ಜೇಕಬ್ ವೇನ್‌ರೈಟ್, 'ಯಾವೋ' ಎಂಬ ಬುಡಕಟ್ಟಿನವನು. 1872ರಲ್ಲಿ ಅವನೂ ಮ್ಯಾಥ್ಯೂ ವೆಲಿಂಗ್ಟನ್, ಕೇರಸ್ ಫಾರರ್ ಮೊದಲಾದ ಶರಣಪುರದ ಗೆಳೆಯರೂ ಆಫ್ರಿಕಕ್ಕೆ ಮರಳಿ ಹೋದರು. ಅಲ್ಲಿನ ಕಾಡುಗಳಲ್ಲಿ ಅಲೆಯುತ್ತಿದ್ದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್‌ಗೆ ನೆರವಾಗಲು. 1873ರ ಮೇ 1ರ ಬೆಳಗ್ಗೆ, ಈಗಿನ ಜಾಂಬಿಯಾದ ಚಿತಾಂಬೋ ಎಂಬ ಹಳ್ಳಿಯಲ್ಲಿ, ಆ ಮುದುಕ ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿದ ಸ್ಥಿತಿಯಲ್ಲೇ ಸತ್ತಿದ್ದ. ಸಂಬಳ ಕೊಡುವವನು ಹೋದ ಮೇಲೆ ಯಾವ ಕರಾರೂ ಅವರನ್ನು ಕಟ್ಟಿಹಾಕಿರಲಿಲ್ಲ. ಅಲ್ಲೇ ಹೂತು ಬರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹೃದಯವನ್ನು ತೆಗೆದು ಒಂದು ಮರದ ಬುಡದಲ್ಲಿ ಹೂತರು. ಆಫ್ರಿಕವನ್ನು ಪ್ರೀತಿಸಿದ ಹೃದಯ ಆಫ್ರಿಕಕ್ಕೆ ಎಂಬಂತೆ. ನಾಸಿಕದಲ್ಲಿ ಕಲಿತ ಪ್ರಾರ್ಥನೆಯನ್ನು ಜೇಕಬ್ ಓದಿದ, ನಾಸಿಕದಲ್ಲಿ ಕಲಿತ ಅಕ್ಷರಗಳನ್ನು ಆ ಮರದ ಮೇಲೆ ಕೆತ್ತಿದ. ಮಿಕ್ಕ ದೇಹವನ್ನು ಬಿಸಿಲಿನಲ್ಲಿ ಒಣಗಿಸಿ, ಮರದ ತೊಗಟೆಯಲ್ಲಿ ಸುತ್ತಿ, ಹೆಗಲ ಮೇಲಿಟ್ಟುಕೊಂಡು ಲಿವಿಂಗ್‌ಸ್ಟನ್‌ನ ಹಳೆಯ ಸಂಗಾತಿಗಳಾದ ಚುಮಾ, ಸೂಸಿಯರ ಜತೆಯಲ್ಲಿ ಕಡಲಿನ ಕಡೆಗೆ ಹೊರಟರು. ಸಾವಿರ ಮೈಲಿಗೂ ಮಿಕ್ಕ ದಾರಿ, ಜ್ವರ, ಹಸಿವು, ಹೆಣ ಹೊತ್ತವರನ್ನು ಒಳಗೆ ಬಿಡಲೊಲ್ಲದ ಹಳ್ಳಿಗಳು. 1874ರ ಫೆಬ್ರವರಿಯಲ್ಲಿ ಬಾಗಮೋಯೋ ಬಂದರನ್ನು ತಲುಪಿದರು. ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಆ ದೇಹ ಮಣ್ಣು ಸೇರಿದಾಗ, ಶವಪೆಟ್ಟಿಗೆಗೆ ಕೈ ಹಚ್ಚಿದವರ ಸಾಲಿನಲ್ಲಿ ಜೇಕಬ್ ವೇನ್‌ರೈಟ್ ಇದ್ದ. ಒಂದಾನೊಂದು ಕಾಲದಲ್ಲಿ ತನ್ನನ್ನೇ ಸರಕಿನಂತೆ ಹೊತ್ತೊಯ್ದ ಜಗತ್ತಿನಲ್ಲಿ, ಒಬ್ಬ ಹುಡುಗ ತಾನಾಗಿ ಒಪ್ಪಿ ಹೊತ್ತ ಹೊರೆ ಅದು. ಭರವಸೆಗೆ ಒಂದು ಮೈಯಿದ್ದರೆ ಅದರ ಹೆಗಲಿನಲ್ಲಿ ಜಡ್ಡುಗಟ್ಟಿದ ಗುರುತು ಇರುತ್ತದೆಂದು ನನಗೆ ಅನಿಸುವುದು ಈ ಹುಡುಗರಿಂದಾಗಿ.

ನಾಸಿಕವನ್ನು ಬಿಟ್ಟ ಗೋದಾವರಿ ಈರುಳ್ಳಿಯ ಹೊಲಗಳನ್ನು, ದ್ರಾಕ್ಷಿಯ ಚಪ್ಪರಗಳನ್ನು ದಾಟಿ ಕಪ್ಪುಮಣ್ಣಿನ ಮರಾಠವಾಡೆಯೊಳಗೆ ಇಳಿಯುತ್ತಾಳೆ. ಈ ಸೀಮೆಯ ದೊಡ್ಡ ಊರು ಛತ್ರಪತಿ ಸಂಭಾಜಿನಗರ, ನಮ್ಮ ತಲೆಮಾರಿನ ನಾಲಿಗೆಗೆ ಔರಂಗಾಬಾದ್. ಅದಕ್ಕೂ ಮೊದಲು ಅದು ಖಡ್ಕಿ. 1610ರಲ್ಲಿ ಅದನ್ನು ಕಟ್ಟಿದವನು ಮಲಿಕ್ ಅಂಬರ್, ಇಥಿಯೋಪಿಯಾದಿಂದ ಗುಲಾಮನಾಗಿ ಮಾರಾಟವಾಗಿ ಬಂದು ಅಹಮದ್‌ನಗರದ ರಾಜ್ಯದ ಹೊಣೆ ಹೊತ್ತವನು. ಅವನು ನೆಲದಡಿಯಲ್ಲಿ ಕೊರೆಸಿದ ಕಾಲುವೆ ಒಣಗಿದ ಆ ಊರಿಗೆ ನೀರು ತಂದಿತು. ಮನೆಯನ್ನು ಕಳೆದುಕೊಂಡವನು ಸಾವಿರಾರು ಮನೆಗಳಿಗೆ ನೀರಾದ. ಅವನ ನಂಬಿಕೆ ಬೇರೆ, ಶರಣಪುರದ ಮಕ್ಕಳ ನಂಬಿಕೆ ಬೇರೆ. ಎರಡೂ ಕಡೆ ಹರಿದದ್ದು ಒಂದೇ ಬಗೆಯ ಕರುಣೆ ಎನ್ನದೆ ಇರಲಾರೆ. ಇದೇ ಊರಿನಲ್ಲಿ, ಪಾರಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತನಾದ ರತನ್‌ಜಿ ನೌರೋಜಿ ಬಹುಕಾಲ ಪಾದ್ರಿಯಾಗಿದ್ದು ಸುತ್ತಣ ಹಳ್ಳಿಗಳ ಬಡವರ ನಡುವೆ ದುಡಿದರು. ದಂಡುಪ್ರದೇಶದ ಮರಗಳ ನೆರಳಲ್ಲಿ ನಿಂತ ಹಳೆಯ ಚರ್ಚಿನಲ್ಲಿ ಭಾನುವಾರ ಮರಾಠಿ ಕೀರ್ತನೆ ಕೇಳಿದರೆ, ಆ ದನಿಗಳ ಹಿಂದೆ ಎಷ್ಟು ತಲೆಮಾರುಗಳ ತಗ್ಗಿದ ಬೆನ್ನುಗಳು ಮೆಲ್ಲಗೆ ನೆಟ್ಟಗಾದವೋ ಎಂದು ಮನಸ್ಸು ಎಣಿಸಲು ಹೋಗಿ ಸೋಲುತ್ತದೆ.

ಎಲ್ಲೋರದ ಕೈಲಾಸವನ್ನು ಕಡಿಸಿದ ರಾಷ್ಟ್ರಕೂಟರ ಕೃಷ್ಣ ನಮ್ಮವನೇ ಎಂಬ ಹೆಮ್ಮೆಯಿಂದ ಕನ್ನಡಿಗರು ಈ ಊರಿಗೆ ಬರುತ್ತಾರೆ, ಬರಬೇಕು ಕೂಡ. ಆದರೆ ನನ್ನನ್ನು ಇನ್ನಷ್ಟು ಎಳೆಯುವುದು ಊರಿನಿಂದ ತೆಂಕಣಕ್ಕಿರುವ ಪೈಠಣ. ಅಲ್ಲಿ ಗೋದಾವರಿಯನ್ನು ಜಾಯಕವಾಡಿ ಅಣೆಕಟ್ಟು ನಿಲ್ಲಿಸಿ ಕಡಲಿನಷ್ಟು ಅಗಲ ಮಾಡಿದೆ, ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅದರ ಅಂಚಿಗೆ ಬಂದಿಳಿಯುತ್ತವೆ. ಸಂತಕವಿ ಏಕನಾಥರು ಬಾಳಿದ್ದು ಇಲ್ಲಿ, ಹದಿನಾರನೆಯ ಶತಮಾನದಲ್ಲಿ. ನದಿಯಲ್ಲಿ ಮಿಂದು ಬರುವಾಗಲೆಲ್ಲ ಒಬ್ಬ ಮೈಮೇಲೆ ಉಗುಳುತ್ತಿದ್ದನಂತೆ. ಏಕನಾಥರು ಮತ್ತೆ ನದಿಗಿಳಿದು ಮಿಂದು ಬರುತ್ತಿದ್ದರಂತೆ, ನೂರೆಂಟು ಸಲ, ಉಗುಳಿದವನ ಕಾಲು ಸೋತು ಕುಸಿಯುವವರೆಗೆ. ಕಾಶಿಯಿಂದ ರಾಮೇಶ್ವರಕ್ಕೆಂದು ಕಾವಡಿಯಲ್ಲಿ ಹೊತ್ತು ತಂದ ಗಂಗೆಯನ್ನು ದಾರಿಯಲ್ಲಿ ಬಾಯಾರಿ ಬಿದ್ದಿದ್ದ ಕತ್ತೆಯ ಬಾಯಿಗೆ ಸುರಿದರಂತೆ. ದೇವರಿಗೆಂದು ಹೊತ್ತ ನೀರು ಬಾಯಾರಿದ ಬಾಯಿಗೆ ಬಿದ್ದಾಗಲೇ ದೇವರನ್ನು ತಲುಪಿತೆಂದು ತಿಳಿದವರ ನಾಡಿದು. ಸಮಾರ್ಯದ ಹೆಂಗಸಿನ ಹತ್ತಿರ ಬಾವಿಕಟ್ಟೆಯಲ್ಲಿ ಕುಳಿತು ಕುಡಿಯಲು ನೀರು ಬೇಡಿದ ಯೇಸು ಈ ದಂಡೆಯವರಿಗೆ ಅಪರಿಚಿತನಾಗಿ ಕಾಣಲಿಲ್ಲವಾದರೆ ಅದಕ್ಕೆ ಏಕನಾಥರೂ ತುಕಾರಾಮರೂ ಕಾರಣ. ಅದೇ ಕಾಲಕ್ಕೆ ಇದೂ ನಿಜ: ಇದೇ ನದಿಯ ದಂಡೆಯ ನಾಸಿಕದಲ್ಲಿ, ಏಕನಾಥರಾಗಿಹೋಗಿ ಮುನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1930ರ ಮಾರ್ಚ್ 2ರಂದು ಕಾಳಾರಾಮ ಮಂದಿರದ ಬಾಗಿಲಿಗೆ ಬಂದ ಅಂಬೇಡ್ಕರರ ಕಡೆಯ ಸಾವಿರಾರು ದಲಿತರಿಗೆ ಬಾಗಿಲು ತೆರೆಯಲಿಲ್ಲ. ಭರವಸೆಯ ಮಾತಾಡುವವರು ಮುಚ್ಚಿದ ಬಾಗಿಲಿನ ಮುಂದೆಯೂ ನಿಂತು ಮಾತಾಡಬೇಕು.

ಲಕ್ಷ್ಮೀಬಾಯಿಗೆ ನಂಬಿಕೆ ಸುಖ ತಂದುಕೊಟ್ಟಿತೆಂದು ಯಾರೂ ಹೇಳಲಾರರು. ಅಹಮದ್‌ನಗರದ ಮನೆಯಲ್ಲಿ ಅನಾಥ ಮಕ್ಕಳು ತುಂಬಿದರು, ಪ್ಲೇಗಿನ ರೋಗಿಗಳಿಗೆ ಗಂಜಿ ಕಾಯಿಸಿದ್ದಾಯಿತು, ಹಣ ಎಂದಿನಂತೆ ಇರಲಿಲ್ಲ. ತ್ರ್ಯಂಬಕ ಬಾಪೂಜಿ ಠೋಂಬರೆ ಎಂಬ ಎಳೆಯ ಕವಿ, ಮರಾಠಿಗರ ಬಾಲಕವಿ, ಆ ಮನೆಯಲ್ಲಿ ಮಗನ ಹಾಗೆ ಬೆಳೆದ. ಹಸಿರು ಹುಲ್ಲು, ತೊರೆ, ಶ್ರಾವಣದ ಬಿಸಿಲನ್ನು ಆ ಹುಡುಗನಂತೆ ಹಾಡಿದವರಿಲ್ಲ. 1918ರ ಮೇ ತಿಂಗಳಲ್ಲಿ ರೈಲಿಗೆ ಸಿಕ್ಕಿ ಸತ್ತ, ಇಪ್ಪತ್ತೆಂಟು ತುಂಬುವ ಮೊದಲೇ. ಮರುವರ್ಷದ ಮೇ 9ರಂದು ಮುಂಬಯಿಯಲ್ಲಿ ಟಿಳಕರು ಹೋದರು. ಮಕ್ಕಳ, ಹೂಗಳ ಕವಿಯೆಂದು ಮಹಾರಾಷ್ಟ್ರ ಕೊಂಡಾಡಿದ ಅವರು ಬಿಟ್ಟುಹೋದದ್ದರಲ್ಲಿ ಒಂದು ಅರ್ಧಕ್ಕೆ ನಿಂತ ಕಾವ್ಯವಿತ್ತು: 'ಖ್ರಿಸ್ತಾಯನ', ಕ್ರಿಸ್ತನ ಬಾಳಿನ ಕಥೆ. ಹತ್ತು ಹನ್ನೊಂದು ಅಧ್ಯಾಯಗಳಿಗೆ ಲೇಖನಿ ನಿಂತಿತ್ತು.

ಆ ಹಾಳೆಗಳನ್ನು ಕೈಗೆತ್ತಿಕೊಂಡ ವಿಧವೆಯನ್ನು ನೆನೆಯುತ್ತೇನೆ. ವ್ಯಾಕರಣ ಓದಿದವರಲ್ಲ, ದೊಡ್ಡ ಗ್ರಂಥಗಳ ಹಂಗಿಲ್ಲ. ಗಂಡ ಮಣೆಯ ಪಕ್ಕದಲ್ಲಿ ಕುಳಿತು ಕಲಿಸಿದ ಅಕ್ಷರಗಳು, ಕಿವಿಯಲ್ಲಿ ಉಳಿದ ಓವಿಯ ಲಯ, ಇಷ್ಟೇ ಬುತ್ತಿ. ಮಗನೊಡನೆ ಕರಾಚಿಗೆ ಹೋಗಿ, ಮತ್ತೆ ನಾಸಿಕಕ್ಕೆ ಬಂದು, ಇಳಿವಯಸ್ಸಿನಲ್ಲಿ ಆಕೆ ಒಂದೊಂದೇ ಅಧ್ಯಾಯ ಬರೆದರು: ಗೋದಲಿಯ ಮಗು ಬೆಳೆದು ಗಲಿಲಾಯದ ದಂಡೆಯಲ್ಲಿ ನಡೆಯಿತು, ಕುಷ್ಠರೋಗಿಯನ್ನು ಮುಟ್ಟಿತು, ಕಣ್ಣೀರಿನಿಂದ ಕಾಲು ತೊಳೆದ ಹೆಂಗಸನ್ನು ಮನ್ನಿಸಿತು, ಶಿಲುಬೆ ಹೊತ್ತು ಗುಡ್ಡ ಹತ್ತಿತು. ಅರವತ್ತನಾಲ್ಕು ಅಧ್ಯಾಯ. ಒಂದು ಕಾಲದಲ್ಲಿ ತನ್ನಿಂದ ಗಂಡನನ್ನು ಕಸಿದುಕೊಂಡವನ ಹೆಸರನ್ನು, ಆ ಗಂಡ ಬಿಟ್ಟ ಸಾಲಿನಿಂದಲೇ ಎತ್ತಿಕೊಂಡು, ಅವನಿಗಿಂತ ಆರು ಪಟ್ಟು ದೂರ ಹೊತ್ತು ನಡೆದರು. ಇದನ್ನು ಪತಿಭಕ್ತಿಯೆಂದು ಕರೆದು ಮುಗಿಸುವವರ ಜತೆ ನನಗೆ ಒಪ್ಪಿಗೆಯಿಲ್ಲ. ಸ್ಮೃತಿಚಿತ್ರೆಯ ಲಕ್ಷ್ಮೀಬಾಯಿ ತಲೆಬಾಗಿಸಿ ಸಹಿಸಿದವರಲ್ಲ. ಜಗಳವಾಡಿದರು, ಪ್ರಶ್ನೆ ಕೇಳಿದರು, ಗಂಡನನ್ನು ಉದ್ದಕ್ಕೂ ಟಿಳಕ ಎಂದು ಹೆಸರು ಹಿಡಿದೇ ಬರೆದರು, ಸುಮ್ಮನೆ ಹಿಂದೆ ನಡೆಯದೆ ತನ್ನ ಹೆಜ್ಜೆಯಲ್ಲಿ ತಾನೇ ಬಂದರು. ಅವರ ತಾಳ್ಮೆಯಲ್ಲಿ ಬೆನ್ನೆಲುಬಿತ್ತು. ಹೆಚ್ಚುಕಡಿಮೆ ಅದೇ ದಶಕದಲ್ಲಿ, ಕನ್ನಡದ ಇನ್ನೊಂದು ತುದಿಯ ಮಂಜೇಶ್ವರದಲ್ಲಿ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದರು ಎಂಬುದನ್ನು ನೆನೆದರೆ ಮೈ ನವಿರೇಳುತ್ತದೆ. ಒಬ್ಬರು ಬಹುಭಾಷಾ ಪಂಡಿತರು, ಇನ್ನೊಬ್ಬರು ಒಂದೇ ಒಂದು ಭಾಷೆಯನ್ನು ಮನೆಯಲ್ಲಿ ಕಲಿತವರು. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿತ್ತೋ ಇಲ್ಲವೋ, ಎರಡು ಲೇಖನಿಗಳು ಒಂದೇ ಗುಡ್ಡವನ್ನು ಹತ್ತುತ್ತಿದ್ದವು.

ಫೆಬ್ರವರಿಯಲ್ಲಿ ನಾಸಿಕ್ ರೋಡಿನ ಬಾಲಯೇಸುವಿನ ಗುಡಿಯಲ್ಲಿ ಜಾತ್ರೆ ಸೇರುತ್ತದೆ. ಮುಂಬಯಿಯಿಂದ, ಗೋವೆಯಿಂದ, ಇನ್ನೂ ದೂರದಿಂದ ಬಂದವರು ಬಿಸಿಲಲ್ಲಿ ಸಾಲು ನಿಂತಿರುತ್ತಾರೆ. ಕುಂಕುಮವಿಟ್ಟ ಹಣೆಗಳೂ ಜಪಮಾಲೆ ಹಿಡಿದ ಬೆರಳುಗಳೂ ಒಂದೇ ಸಾಲಿನಲ್ಲಿ. ಮಕ್ಕಳಾಗದವರು, ಮಕ್ಕಳು ಕಾಯಿಲೆ ಬಿದ್ದವರು, ಹೋದವರು ಹಿಂದಿರುಗಲೆಂದು ಹರಸಿಕೊಂಡವರು. ಮೇಣದ ವಾಸನೆ, ಸೇವಂತಿಗೆಯ ವಾಸನೆ, ಬೆವರಿನ ವಾಸನೆ ಒಂದರಲ್ಲೊಂದು ಕರಗಿ, ಎತ್ತಿ ಹಿಡಿದ ಉರಿಯ ಸುತ್ತ ಅಂಗೈಗಳು ಗಾಳಿಗೆ ಗೋಡೆಯಾಗಿರುತ್ತವೆ. ಅವರಲ್ಲಿ ಎಷ್ಟು ಜನ ಕೇಳಿದ್ದನ್ನು ಪಡೆಯುತ್ತಾರೋ ದೇವರೇ ಬಲ್ಲ. ಆದರೆ ತಾಯಿಯೊಬ್ಬಳು ದೊಡ್ಡ ಮಗುವನ್ನು, ಕಾಲಿಲ್ಲದ ಮಗುವನ್ನು, ಸೊಂಟದ ಮೇಲೆ ಹೊತ್ತು ಆ ಸಾಲಿನಲ್ಲಿ ಮುಂದೆ ಸರಿಯುವಾಗ, ಕೇಳಿದ್ದು ಇನ್ಯಾವ ರೂಪದಲ್ಲಿ ಬರಬೇಕು ಎಂಬ ಪ್ರಶ್ನೆ ನಾಲಿಗೆಯಲ್ಲೇ ನಿಲ್ಲುತ್ತದೆ. ಆ ಹೊರುವಿಕೆಯೇ ಪ್ರಾರ್ಥನೆ, ಆ ಸೊಂಟವೇ ಪ್ರಾರ್ಥನೆಯ ಉತ್ತರ.

ಲಕ್ಷ್ಮೀಬಾಯಿ 1936ರ ಫೆಬ್ರವರಿ 24ರಂದು ನಾಸಿಕದಲ್ಲಿ ತೀರಿಕೊಂಡರು. ಸ್ಮೃತಿಚಿತ್ರೆಯ ಭಾಗಗಳು 1934ರಿಂದ ಹೊರಬರುತ್ತಿದ್ದವು, ಕೊನೆಯ ಭಾಗ ಅವರು ಕಣ್ಣು ಮುಚ್ಚಿದ ಮೇಲೆ ಬಂತು. ಖ್ರಿಸ್ತಾಯನ 1938ರಲ್ಲಿ ಅಚ್ಚಾಯಿತು. ನಾಸಿಕಕ್ಕೆ ಹೋಗುವ ಕನ್ನಡಿಗರು ಪಂಚವಟಿಯನ್ನು ನೋಡಿ ತ್ರ್ಯಂಬಕಕ್ಕೆ ಹೊರಡುವ ಮೊದಲು ಶರಣಪುರ ರಸ್ತೆಯಲ್ಲಿ ಒಂದಿಷ್ಟು ದೂರ ನಡೆಯಿರಿ, ಸಾಧ್ಯವಾದರೆ ಜಲಾಲಪುರದ ದಂಡೆಗೂ ಹೋಗಿಬನ್ನಿ. ಅದಕ್ಕೂ ಮೊದಲು ಆ ಪುಸ್ತಕವನ್ನು ಓದಿಕೊಳ್ಳಿ. ಮರಾಠಿ ಬಾರದವರಿಗೆ ಶಾಂತಾ ಗೋಖಲೆಯವರು 2017ರಲ್ಲಿ ಇಂಗ್ಲಿಷಿಗೆ ತಂದ ಅನುವಾದವಿದೆ.